ಅಂಬಿಗನ ಚಿತ್ರದ ಕೊನೆ

“ಬುದ್ಧಿ, ಒಳ್ಳೆಯದು ಕಣ್ಣೆದುರಿಗೇ ಇದ್ದರೂ ಕೆಲವರಿಗೆ ಯಾಕೆ ಕಾಣುವುದಿಲ್ಲ?” ಎಂದು ತಿಪ್ಪೇರುದ್ರಪ್ಪ ಗುರುಗಳನ್ನು ಕೇಳಿದ.

ಪ್ರಶ್ನೆ ಕೇಳಿದವನು ಉತ್ತರಕ್ಕೆ ಬಾಯಿ ಮುಚ್ಚಿಕೊಂಡು ಕಾಯಬೇಕು. ತಿಪ್ಪೇರುದ್ರಪ್ಪನಿಗೆ ಆ ಅಭ್ಯಾಸವೇ ಇರಲಿಲ್ಲ. ಒಳಗೆ ಊಟಕ್ಕೆ ಎಲೆ ಹಾಕಿಯಾಗಿತ್ತು. ಅಡುಗೆಯವರು ಬಾಗಿಲವರೆಗೆ ಬಂದು, ನಿಂತು, ಹೋದರು. ಇವನು ಹೇಳುತ್ತಲೇ ಇದ್ದ.

ಊರಿನ ಸಿನಿಮಾ ಬಳಗದವರು ಸೇರಿ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸುತ್ತಿದ್ದರು. ಆರಿಸಿದ ಚಿತ್ರಗಳನ್ನು ಊರಿನ ಟಾಕೀಸಿನಲ್ಲಿ ಭಾನುವಾರಕ್ಕೊಂದರಂತೆ ತೋರಿಸುವುದು, ಬಳಗದವರೆಲ್ಲ ತಪ್ಪದೆ ಕೂತು ನೋಡುವುದು ಎಂದು ತೀರ್ಮಾನವಾಗಿತ್ತು. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಮೆಚ್ಚಿನ ಚಿತ್ರದ ಪರವಾಗಿ ವಾದ ಮಾಡಬೇಕು, ಉಳಿದವರು ಕೈ ಎತ್ತಬೇಕು. ತಿಪ್ಪೇರುದ್ರಪ್ಪ ಗಂಟಲು ಹರಿಯುವಷ್ಟು ವಾದ ಮಾಡಿದ. ಒಂದೇ ಒಂದು ಕೈ ಕಡಿಮೆಯಾಯಿತು. ಆ ಕೈ ಮರುಳಪ್ಪನದು.

ಮರುಳಪ್ಪ ಬೇರೆ ಯಾರೋ ಆಗಿದ್ದರೆ ತಿಪ್ಪೇರುದ್ರಪ್ಪ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದ. ಅವರಿಬ್ಬರೂ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಆ ಚಿತ್ರ ಮೊದಲು ಬಂದಾಗ ಜೊತೆಯಲ್ಲಿ ಸೈಕಲ್ ತುಳಿದುಕೊಂಡು ಹೋಗಿ ನೋಡಿದವರು. ಗಂಡ ಹೆಂಡತಿಯ ಕತೆ ಅದು. ಕೊನೆಯಲ್ಲಿ ಹೆಂಡತಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರುತ್ತಾಳೆ. ಗಂಡ ಮಂಚದ ತುದಿಯಲ್ಲಿ ಕೂತು ಅವಳ ತಲೆ ಬಾಚುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಬಾಚಣಿಗೆಗೆ ಬಂದ ಕೂದಲನ್ನು ಅವಳಿಗೆ ಕಾಣದ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಾನೆ.

“ಆ ಒಂದು ದೃಶ್ಯ ಸಾಕು ಬುದ್ಧಿ,” ಎಂದ ತಿಪ್ಪೇರುದ್ರಪ್ಪ. ಎಂದು, ಆ ದೃಶ್ಯವನ್ನು ಮೊದಲಿನಿಂದ ಮತ್ತೆ ಹೇಳಿದ. ಗುರುಗಳಿಗೆ ಅರ್ಥವಾಗಲಿಲ್ಲವೇನೋ ಎಂದು ಇಲ್ಲದ ಬಾಚಣಿಗೆ ಹಿಡಿದು ಅಭಿನಯಿಸಿಯೂ ತೋರಿಸಿದ.

ಅವನ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೆ: ಆ ದೃಶ್ಯ ಬಂದಾಗಲೆಲ್ಲ ಪಕ್ಕದಲ್ಲಿ ಕೂತು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವನು ಇದೇ ಮರುಳಪ್ಪ. ಈಗ ಸಭೆಯಲ್ಲಿ ತಲೆ ತಗ್ಗಿಸಿಕೊಂಡು ಕೂತ. ಕೈ ಎತ್ತು ಎಂದು ಕಣ್ಸನ್ನೆ ಮಾಡಿದರೂ ಎತ್ತಲಿಲ್ಲ. ಕಾರಣ ಕೇಳಿದವರಿಗೂ ಏನೂ ಹೇಳಲಿಲ್ಲ. ಹೋದ ವರ್ಷ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅವನ ತಲೆಗೇ ಮಂಕು ಕವಿದಿದೆ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎನ್ನುವುದೇ ತಿಳಿಯದಂತಾಗಿದೆ ಎಂದು ತಿಪ್ಪೇರುದ್ರಪ್ಪ ಗುರುಗಳೆದುರು ಬೈದ. ಸಭೆಯ ಮಾರನೆಯ ದಿನ ಮರುಳಪ್ಪ ಇವನ ಮನೆ ಬಾಗಿಲಿಗೆ ಬಂದಿದ್ದ. ತಾನು ಮನೆಯಲ್ಲಿಲ್ಲ ಎಂದು ಇವನು ತನ್ನ ಹೆಂಡತಿಯಿಂದ ಹೇಳಿಸಿ ಕಳಿಸಿದ್ದ. ಸಂಜೆ ಮತ್ತೆ ಬಂದ. ಒಳಗೆ ಇವನ ದನಿ ಕೇಳಿಸಿಕೊಂಡು, ಮೆಟ್ಟಿಲಿಂದಲೇ ಹಿಂದಿರುಗಿದ.

ನಾಳೆ ಬಳಗದ ಸಭೆ. ಅಲ್ಲಿ ಎಲ್ಲರ ಎದುರಿಗೆ ಎದ್ದು ನಿಂತು, ಬಳಗದಲ್ಲಿ ಮರುಳಪ್ಪ ಇರಬೇಕು ಇಲ್ಲವೇ ತಾನಿರಬೇಕು ಎಂದು ಹೇಳಿಬಿಡುವುದು, ಆಮೇಲೆ ಈ ಜನ್ಮದಲ್ಲಿ ಅವನ ಮುಖ ನೋಡದಿರುವುದು, ಇಷ್ಟು ನಿಶ್ಚಯ ಮಾಡಿಕೊಂಡೇ ತಿಪ್ಪೇರುದ್ರಪ್ಪ ಮಠಕ್ಕೆ ಬಂದಿದ್ದ. ಗುರುಗಳು ಹೌದು ಎಂದರೆ ಮುಗಿಯಿತು.

ಗುರುಗಳು ಹೌದು ಎನ್ನಲಿಲ್ಲ. “ಮುಗಿಯಿತೇನಪ್ಪಾ?” ಎಂದರು.

ಇನ್ನೊಂದು ಮಾತಿದೆ ಎಂದ ಇವನು. ಅದು ನಿನ್ನಲ್ಲೇ ಇರಲಿ ಎಂದರು ಗುರುಗಳು. ಅಡುಗೆಯವರು ಮತ್ತೆ ಬಾಗಿಲಿಗೆ ಬಂದರು. ಅನ್ನ ಆರಿದರೆ ಆರಲಿ ಎಂದು ಅವರಿಗೂ ಸ್ವಲ್ಪ ಜೋರಾಗಿಯೇ ಹೇಳಿ, ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನು ಹುಡುಗನಾಗಿದ್ದಾಗ ಸಂತೆ ಮೈದಾನದಲ್ಲಿ ಟೆಂಟ್ ಸಿನಿಮಾ ನಡೆಯುತ್ತಿತ್ತು. ಅಲ್ಲಿ ಅವನೊಂದು ಚಿತ್ರ ನೋಡಿದ. ಒಬ್ಬ ಅಂಬಿಗನ ಕತೆ. ಅಂಬಿಗ ತಮ್ಮನೊಡನೆ ಜಗಳವಾಡಿ ಅವನನ್ನು ಮನೆ ಬಿಟ್ಟು ಓಡಿಸುತ್ತಾನೆ. ಆಮೇಲೆ ಪಶ್ಚಾತ್ತಾಪ. ಚಿತ್ರ ಮೂರು ದಿನ ಇದ್ದು ಊರು ಬಿಟ್ಟು ಹೋಯಿತು. ಹುಡುಗನ ತಲೆಯಿಂದ ಮಾತ್ರ ಹೋಗಲಿಲ್ಲ. ಅವನು ದೊಡ್ಡವನಾದ, ಅಂಗಡಿ ಇಟ್ಟ, ಕೂದಲು ನೆರೆಯಿತು. ಸೀರೆ ಕೊಳ್ಳಲು ಬಂದವರಿಗೂ ಅಂಬಿಗನ ಚಿತ್ರದ ಮಾತು. ಜನ ಬೇಗ ಬೇಗ ಸೀರೆ ಆರಿಸಿಕೊಂಡು ಹೋಗುತ್ತಿದ್ದರು.

ಅದೇ ಊರಿಗೆ ವರ್ಗವಾಗಿ ಬಂದು ನೆಲೆ ನಿಂತ ಒಬ್ಬರು ಮೇಷ್ಟ್ರಿದ್ದರು. ಅವರೂ ಆ ಚಿತ್ರವನ್ನು ಚಿಕ್ಕಂದಿನಲ್ಲಿ ತಮ್ಮೂರಿನಲ್ಲಿ ನೋಡಿದ್ದರು. ವ್ಯಾಪಾರಿಗೂ ಮೇಷ್ಟ್ರಿಗೂ ಗಾಢ ಸ್ನೇಹ. ವ್ಯಾಪಾರಿಯ ಮಗಳನ್ನು ಮೇಷ್ಟ್ರ ಮಗನಿಗೆ ಕೊಡುವುದೆಂದು ಮಾತಾಗಿ, ನಿಶ್ಚಿತಾರ್ಥವೂ ಆಗಿತ್ತು. ಎಲ್ಲ ಸರಿಯಿತ್ತು, ಅಂಬಿಗನ ಚಿತ್ರವೊಂದನ್ನು ಬಿಟ್ಟು.

ಹಾಡು ಅಪಸ್ವರ ಎಂದರೆ ವ್ಯಾಪಾರಿ ಒಪ್ಪುತ್ತಿದ್ದ. ಹೊಳೆ ಎಂದು ತೋರಿಸಿದ್ದು ಕೆರೆ ಎಂದರೂ ಒಪ್ಪುತ್ತಿದ್ದ. ಅಂಬಿಗನಿಗೆ ಹುಟ್ಟು ಹಾಕಲು ಬರುವುದಿಲ್ಲ, ದೋಣಿ ನಿಂತಲ್ಲೇ ಸುತ್ತುತ್ತದೆ ಎಂದರೂ ಹೌದು ಎನ್ನುತ್ತಿದ್ದ. “ಎಲ್ಲ ನಿಮ್ಮ ಮಾತೇ ಸರಿ. ಕೊನೆ ಒಂದನ್ನು ಹೇಳಿ. ಆ ಥರ ಮುಗಿಸುವ ಗಂಡೆದೆ ಯಾರಿಗಿದೆ?” ಎನ್ನುತ್ತಿದ್ದ. ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಚಿತ್ರದಲ್ಲಿ ಉಳಿದದ್ದನ್ನೆಲ್ಲ ಸಹಿಸಬಹುದು, ಆ ಕೊನೆ ಮಾತ್ರ ನಾಚಿಕೆಗೇಡು ಎನ್ನುವುದು ಅವರ ವಾದ. ಕೊನೆ ಅದ್ಭುತ ಎಂದು ಇವನು, ಕೊನೆ ದರಿದ್ರ ಎಂದು ಅವರು. ಹೀಗೆ ವರ್ಷಗಟ್ಟಲೆ.

ಆ ಕೊನೆ ಏನು ಎಂದು ಒಂದು ದಿನವಾದರೂ ಇಬ್ಬರಲ್ಲೊಬ್ಬರು ಬಾಯಿ ಬಿಟ್ಟು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳುವಂತಿಲ್ಲ. ಸಿನಿಮಾ ಹುಚ್ಚಿನ ಊರು ಅದು. ನೋಡದವರ ಎದುರಿಗೆ ಚಿತ್ರದ ಕೊನೆ ಹೇಳಬಾರದು ಎನ್ನುವುದು ಅಲ್ಲಿ ಕಟ್ಟುನಿಟ್ಟಾದ ರಿವಾಜು. ಹೇಳಿಬಿಟ್ಟವನು ಹೋಟೆಲಿನಲ್ಲಿ ಕೂತವರಿಗೆಲ್ಲ ಕಾಫಿ ಕೊಡಿಸಬೇಕು, ಮೇಲೆ ಬೈಗುಳ ತಿನ್ನಬೇಕು. ಇವರಿಬ್ಬರೂ ವಾದ ಮಾಡುತ್ತಿದ್ದದ್ದು ಅದೇ ಹೋಟೆಲಿನಲ್ಲಿ, ಅಲ್ಲಿ ನೋಡದವರು ಯಾವಾಗಲೂ ಇರುತ್ತಿದ್ದರು. ಇಬ್ಬರೇ ಇದ್ದಾಗ ಕೇಳಬಹುದಿತ್ತಲ್ಲ ಎಂದರೆ, ಇಬ್ಬರೇ ಇದ್ದಾಗ ಅವರು ಕೋಪದಲ್ಲಿರುತ್ತಿದ್ದರು. ಇಂಥವರಿಗೆ ಏನು ಹೇಳುವುದು?

ಆ ಊರಿನವರೂ ಒಂದು ಸಲ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಲು ಕೂತರು. ವ್ಯಾಪಾರಿ ಅಂಗಡಿ ಮುಚ್ಚಿಕೊಂಡು ಬಂದು ಅಂಬಿಗನ ಚಿತ್ರಕ್ಕಾಗಿ ವಾದ ಮಾಡಿದ. ಅಂಗಲಾಚಿದ. ಮೇಜು ಕುಟ್ಟಿದ. ಮೇಷ್ಟ್ರು ಎದ್ದು, ಆ ಕೊನೆಯನ್ನು ಮೆಚ್ಚುವವನಿಗೆ ರುಚಿ ಎನ್ನುವುದೇ ಇಲ್ಲ ಎಂದುಬಿಟ್ಟರು. ವ್ಯಾಪಾರಿ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದ. ಕಣ್ಣಿದ್ದೂ ಕಾಣದವರ ಮನೆಗೆ ತನ್ನ ಮಗಳನ್ನು ಕೊಡುವುದಿಲ್ಲ ಎಂದ. ನಿಶ್ಚಯವಾಗಿದ್ದ ಮದುವೆ ಅಲ್ಲಿಗೆ ನಿಂತಿತು.

ಮನೆಯಲ್ಲಿ ಮಗಳು ಅಪ್ಪನೊಡನೆ ಮಾತು ಬಿಟ್ಟಳು. ತಟ್ಟೆ ತಂದಿಡುತ್ತಿದ್ದಳು, ಬಡಿಸುತ್ತಿದ್ದಳು, ಸಾಕೇ ಎಂದು ಕೇಳುತ್ತಿರಲಿಲ್ಲ. ಅಪ್ಪ ಸಾಕು ಎನ್ನುವವರೆಗೂ ಸಾರು ಬೀಳುತ್ತಲೇ ಇರುತ್ತಿತ್ತು. ಅವಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಯಾವುದೋ ಸಿನಿಮಾದ ಅಂಬಿಗನಿಗಾಗಿ ತನ್ನ ಬಾಳನ್ನು ನೀರಿಗೆ ಹಾಕಿದರಲ್ಲ ಎಂದು ತಾಯಿಯ ಹತ್ತಿರ ಅತ್ತಳು. ವ್ಯಾಪಾರಿಗೆ ಕೇಳಿಸಿತು. ಕೇಳಿಸಿದರೂ ಹಟ ಬಿಡಲಿಲ್ಲ.

ಊರಿನ ಹಿರಿಯರಿಗೆ ಸಾಕೋ ಸಾಕಾಯಿತು. ಎಲ್ಲೆಲ್ಲೋ ಹುಡುಕಿಸಿ ಆ ಚಿತ್ರದ ಹಳೆಯ ಪ್ರಿಂಟೊಂದನ್ನು ತರಿಸಿದರು. ಟಾಕೀಸಿನಲ್ಲಿ ಹಾಕಿಸಿದರು. ಇಡೀ ಊರು ಬಂತು. ವ್ಯಾಪಾರಿ ಮುಂದಿನ ಸಾಲಿನಲ್ಲಿ, ಮೇಷ್ಟ್ರು ಹಿಂದಿನ ಸಾಲಿನಲ್ಲಿ.

ಚಿತ್ರ ನಡೆಯಿತು. ಅಂಬಿಗ ತಮ್ಮನನ್ನು ಓಡಿಸಿದ. ಒಂಟಿಯಾದ. ಕಡೆಗೆ ಕತ್ತಲಲ್ಲಿ ಲಾಂದ್ರ ಹಿಡಿದು ದಡದಲ್ಲಿ ನಿಂತು, ಆಚೆ ದಡದ ಕಡೆಗೆ ತಮ್ಮನ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ಮತ್ತೆ ಕೂಗಿದ. ವ್ಯಾಪಾರಿ ಎದ್ದು ನಿಂತ. ಅವನ ಕೆನ್ನೆ ಒದ್ದೆಯಾಗಿತ್ತು. ಪರದೆಗೆ ಬೆನ್ನು ಹಾಕಿ ಜನರ ಕಡೆಗೆ ತಿರುಗಿ, ಈಗಲಾದರೂ ಕಂಡಿತೇ ಎನ್ನುವಂತೆ ಎರಡೂ ಕೈ ಚಾಚಿದ.

ಜನ ಘೊಳ್ಳೆಂದು ನಕ್ಕರು.

ತನ್ನನ್ನು ಕಂಡು ನಗುತ್ತಿದ್ದಾರೆಂದು ಅವನು ತಿಳಿದ. ಆಮೇಲೆ ಯಾರ ಕಣ್ಣೂ ತನ್ನ ಮೇಲಿಲ್ಲ ಎನ್ನುವುದು ಗಮನಕ್ಕೆ ಬಂತು. ತಿರುಗಿ ನೋಡಿದ. ಚಿತ್ರ ಇನ್ನೂ ನಡೆಯುತ್ತಿತ್ತು. ತಮ್ಮ ಬಂದುಬಿಟ್ಟಿದ್ದ. ಅಣ್ಣ ತಮ್ಮ ತಬ್ಬಿಕೊಂಡು ಹಾಡುತ್ತಿದ್ದರು. ಒಬ್ಬ ಡೊಳ್ಳು ಹೊಟ್ಟೆಯ ಪೊಲೀಸಿನವನು ಕೆಸರಿನಲ್ಲಿ ಜಾರಿ ಬಿದ್ದು, ಏಳಲು ಹೋಗಿ ಮತ್ತೆ ಬಿದ್ದ. ಮದುವೆಯಾಯಿತು. ಎಲ್ಲರೂ ಸಾಲಾಗಿ ನಿಂತು ಕೈ ಮುಗಿದರು.

ವ್ಯಾಪಾರಿ ಆಪರೇಟರನ ಕೋಣೆಗೆ ನುಗ್ಗಿದ. ಬೇರೆ ಯಾವುದೋ ಚಿತ್ರದ ರೀಲು ಸೇರಿಸಿ ಮೋಸ ಮಾಡಿದ್ದೀರಿ ಎಂದು ಕೂಗಾಡಿದ. ಮೇಷ್ಟ್ರು ಹಿಂದೆಯೇ ಬಂದು, ಅವನ ಭುಜ ಹಿಡಿದು ಹೊರಗೆ ಕರೆದುಕೊಂಡು ಬಂದು, ಮೆಟ್ಟಿಲ ಮೇಲೆ ಕೂರಿಸಿದರು. ತಾವು ನೋಡಿದ ಕೊನೆ ಇದೇ ಎಂದರು. ವ್ಯಾಪಾರಿ ನಂಬಲಿಲ್ಲ. ಆಗ ಗೇಟಿನ ಹತ್ತಿರ ನಿಂತಿದ್ದ ಒಬ್ಬ ಮುದುಕ, ಆ ಕಾಲದಲ್ಲಿ ಟೆಂಟಿನ ಸಿನಿಮಾ ಕೊನೆಯ ಬಸ್ಸಿಗೆ ಮುಂಚೆ ಬಿಡಬೇಕಾಗಿತ್ತು, ತಡವಾದ ದಿನ ಕಡೆಯ ರೀಲು ಹಾಕುತ್ತಲೇ ಇರಲಿಲ್ಲ, ಅದು ಊರಿಗೆಲ್ಲ ಗೊತ್ತಿದ್ದ ವಿಷಯವೇ ಎಂದ. ಬಸ್ಸಿಗೆ ಓಡುವ ಅವಸರದಲ್ಲಿದ್ದವರಿಗೆ ಗೊತ್ತಿತ್ತು. ಕಣ್ಣೀರು ಹಾಕುತ್ತ ಕೂತಿದ್ದ ಹುಡುಗನಿಗೆ ಯಾರು ಹೇಳಬೇಕು?

ವ್ಯಾಪಾರಿ ಟವೆಲಿನಿಂದ ಮುಖ ಒರೆಸಿಕೊಂಡ.

“ನೀವು ನೋಡಿದ್ದು ಎಲ್ಲಿಗೆ ಮುಗಿದಿತ್ತು?” ಎಂದು ಮೇಷ್ಟ್ರು ಕೇಳಿದರು.

“ಲಾಂದ್ರ ಹಿಡಿದು ಕೂಗುತ್ತಾನೆ. ಉತ್ತರ ಬರುವುದಿಲ್ಲ. ಅಷ್ಟೇ. ಪರದೆ ಬೆಳ್ಳಗಾಯಿತು,” ಎಂದ ವ್ಯಾಪಾರಿ.

ಮೇಷ್ಟ್ರು ಅದನ್ನು ಮನಸ್ಸಿನಲ್ಲಿ ಕಂಡುಕೊಂಡರು. ಅವರಿಗೂ ಕಣ್ಣು ತುಂಬಿತು. ಅದನ್ನು ತಾವು ನೋಡಲೇ ಇಲ್ಲವಲ್ಲ ಎಂದರು. ಮಾರನೆಯ ಬೆಳಿಗ್ಗೆ ವ್ಯಾಪಾರಿ ತಾನೇ ಎಲೆ ಅಡಿಕೆ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋಗಿ, ಮದುವೆಗೆ ದಿನ ಗೊತ್ತುಮಾಡಿಕೊಂಡು ಬಂದ. ಆ ಮಧ್ಯಾಹ್ನ ಮಗಳು, ಸಾಕೇ ಅಪ್ಪಾ ಎಂದು ಕೇಳಿ ಬಡಿಸಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ತಿಪ್ಪೇರುದ್ರಪ್ಪ ಕಾದ. ಮುಂದೇನೂ ಬರಲಿಲ್ಲ. ಹಾಗಾದರೆ ಅಂಬಿಗನ ಚಿತ್ರ ಹತ್ತರಲ್ಲಿ ಸೇರಿತೋ ಇಲ್ಲವೋ ಎಂದು ಕೇಳಿದ. ಗುರುಗಳು ಹಣೆ ಒತ್ತಿಕೊಂಡರು. ಕತೆ ಚೆನ್ನಾಗಿದೆ, ಆದರೆ ತನಗೆ ಹೊಂದುವುದಿಲ್ಲ ಎಂದು ಇವನು ಮುಂದುವರಿಸಿದ. ತಾನು ನೋಡಿದ್ದು ರೀಲು ಬಿಟ್ಟ ಚಿತ್ರವಲ್ಲ. ತಾನೂ ಮರುಳಪ್ಪನೂ ಅಕ್ಕಪಕ್ಕ ಕೂತು, ಮೊದಲಿನಿಂದ ಕಡೆಯವರೆಗೆ ಒಂದೇ ಚಿತ್ರವನ್ನು ನೋಡಿದವರು. ತಾನು ನೋಡದೆ ಮರುಳಪ್ಪನೊಬ್ಬನೇ ನೋಡಿದ್ದು ಏನೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಹೀಗಿರುವಾಗ ಆಸ್ಪತ್ರೆಯ ದೃಶ್ಯಕ್ಕೆ ಕೈ ಎತ್ತದವನನ್ನು ಗೆಳೆಯ ಎನ್ನುವುದು ಹೇಗೆ? ತಾವೇ ಹೇಳಬೇಕು ಬುದ್ಧಿ ಎಂದ.

ಗುರುಗಳು ಮೊಣಕಾಲಿನ ಮೇಲೆ ಕೈ ಊರಿ ಎದ್ದರು. ಊಟಕ್ಕೆ ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು.

“ಮರುಳಪ್ಪನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳ ತಲೆ ಬಾಚುತ್ತಿದ್ದವರು ಯಾರಪ್ಪಾ?” ಎಂದರು.

ತಿಪ್ಪೇರುದ್ರಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು, ಮರುಳಪ್ಪನ ಮನೆಯ ಕಡೆಗೆ ಹೊರಟ.