ಕೊಳಕ್ಕೆ ಸುರಿದ ಹೊಟ್ಟು

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಕೂಡಿ ಭತ್ತ ಬೆಳೆಯುತ್ತಿದ್ದವು. ಹಳ್ಳದ ಪಕ್ಕ ಗದ್ದೆ, ಗದ್ದೆಯ ಪಕ್ಕ ಕಣ. ಕರಡಿ ಒನಕೆ ಹಿಡಿದು ಕುಟ್ಟುತ್ತಿತ್ತು. ತಾಯಿ ಮೊಲ ಮೊರ ಹಿಡಿದು ಕೇರುತ್ತಿತ್ತು. ಅಕ್ಕಿಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಹೊಟ್ಟು ಮಾತ್ರ ಯಾರಿಗೂ ಬೇಡವಾಗಿತ್ತು.

ಆ ವರ್ಷ ಬೆಳೆ ಚೆನ್ನಾಗಿ ಬಂತು. ಕಣದ ಅಂಚಿನಲ್ಲಿ ಹೊಟ್ಟಿನ ರಾಶಿ ಕರಡಿಗಿಂತ ಎತ್ತರವಾಯಿತು. ಗಾಳಿ ಬೀಸಿದರೆ ಸಾಕು, ಎಲ್ಲರ ಕಣ್ಣಿಗೂ ಹೊಟ್ಟು.

"ಇದನ್ನು ಯಾರಾದರೂ ಹೊತ್ತು ಹಾಕಿದರೆ ಪುಣ್ಯ ಬರುತ್ತದೆ" ಎಂದಿತು ಕರಡಿ.

ನರಿ ಮುಂದೆ ಬಂತು. "ನಾನು ಹೊರುತ್ತೇನೆ ಕರಡಿಯಣ್ಣ. ಕೂಲಿಯೂ ಬೇಡ, ಏನೂ ಬೇಡ."

"ನೋಡಿ, ನರಿಯನ್ನು ಸುಮ್ಮನೆ ಬೈಯುತ್ತಿದ್ದೆವು" ಎಂದು ಎಲ್ಲರೂ ಹೊಗಳಿದರು. ಹೊಟ್ಟು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಅದು ಹೋಗುತ್ತಿದ್ದುದು ಕೇದಗೆ ಪೊದೆಯ ಹಿಂದಿನ ಕೊಳಕ್ಕೆ. ಹಳ್ಳ ಹರಿಯುತ್ತಿರುವಷ್ಟು ಕಾಲ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಇಡೀ ಕಾಡಿಗೆ ಆ ಕೊಳವೇ ಗತಿ. ನರಿ ಬುಟ್ಟಿ ಬುಟ್ಟಿ ಹೊಟ್ಟನ್ನು ನೀರಿಗೆ ಸುರಿಯಿತು. ಹೊಟ್ಟು, ತವುಡು ಕೊಳೆತು ನೀರು ಕಪ್ಪಾಯಿತು. ಉಸಿರು ಕಟ್ಟಿದ ಮೀನುಗಳು ಬಾಯಿ ತೆರೆದುಕೊಂಡು ದಡಕ್ಕೆ ಬಂದವು. ನರಿ ಕೂತಲ್ಲೇ ಹೆಕ್ಕಿ ತಿಂದಿತು. ಇದೇ ಅದರ ಕೂಲಿ.

ಕೊಳದಲ್ಲಿ ಒಂದು ಮುದಿ ಆಮೆ ಇತ್ತು. ಮರಿಯಾಗಿದ್ದಾಗ ಯಾವುದೋ ದೂರದ ಹೊಳೆಯಿಂದ ನೆರೆಯಲ್ಲಿ ತೇಲಿ ಬಂದದ್ದು. ಅದು ತೆವಳುತ್ತ ತೆವಳುತ್ತ ಕಣಕ್ಕೆ ಬಂತು.

"ಕರಡಿಯಪ್ಪಾ, ಹೊಟ್ಟು ಬಿದ್ದು ಕೊಳದ ನೀರು ಕೆಟ್ಟಿತು. ಮೀನುಗಳು ಸಾಯುತ್ತಿವೆ. ಹಳ್ಳ ಬತ್ತಿದ ಮೇಲೆ ನೀವೆಲ್ಲ ಏನು ಕುಡಿಯುತ್ತೀರಿ?"

ನರಿ ನಕ್ಕಿತು. "ಅಜ್ಜಿಗೆ ಕಣ್ಣು ಮಂಜಾಗಿದೆ. ಅದಕ್ಕೇ ನೀರು ಕಪ್ಪಾಗಿ ಕಾಣುತ್ತದೆ."

ಆಮೆ ನರಿಯ ಕಡೆ ತಿರುಗಲಿಲ್ಲ. "ನಾನು ಹುಟ್ಟಿದ ಹೊಳೆಯ ದಡದಲ್ಲಿ ಅಲ್ಲಿನವರು ಹೊಟ್ಟನ್ನು ಮಣ್ಣಿಗೆ ಕಲಸಿ ನೆಲ ಮೆತ್ತುತ್ತಿದ್ದರು. ನೆಲ ಬಿರುಕು ಬಿಡುತ್ತಿರಲಿಲ್ಲ. ಮರಿಗಳ ಕೆಳಗೆ ಹಾಸುತ್ತಿದ್ದರು. ಹಾಸಿದ್ದು ಒದ್ದೆಯಾದರೆ ಗೊಬ್ಬರ ಮಾಡಿ ಗದ್ದೆಗೇ ಹಾಕುತ್ತಿದ್ದರು. ನೀರಿಗೆ ಮಾತ್ರ ಹಾಕುತ್ತಿರಲಿಲ್ಲ."

"ಎಲ್ಲಿಂದಲೋ ತೇಲಿ ಬಂದವಳು ನಮಗೆ ಬುದ್ಧಿ ಹೇಳುತ್ತಾಳೆ!" ಎಂದಿತು ನರಿ.

"ಹೋಗಲಿ ಬಿಡಜ್ಜಿ. ಹೊಟ್ಟು ಅಂದರೆ ಹೊಟ್ಟು" ಎಂದು ಕರಡಿ ಮತ್ತೆ ಒನಕೆ ಎತ್ತಿತು.

ತಾಯಿ ಮೊಲ ಆಮೆಯ ಮಾತಿಗೆ ಕಿವಿಗೊಟ್ಟಿತ್ತು. ಅದರ ಬಿಲದ ನೆಲ ತೇವದಿಂದ ಹಾಳಾಗಿತ್ತು. ಹೋಗುವಾಗ ಒಂದು ಬುಟ್ಟಿ ಹೊಟ್ಟು ಹೊತ್ತುಕೊಂಡು ಹೋಯಿತು.

ಬಿಸಿಲು ಏರಿತು. ಹಳ್ಳ ಸಣ್ಣಗಾಯಿತು. ಕೊಳದ ಮೇಲೆ ಹೊಟ್ಟು ದಪ್ಪಗೆ ಕೂತಿತ್ತು. ಅದರಲ್ಲಿ ಬೆರೆತಿದ್ದ ಒಂದೆರಡು ಹಿಡಿ ಭತ್ತ ಮೊಳೆತು ಹಸಿರಾಯಿತು. ನೋಡಿದವರಿಗೆ ಗದ್ದೆಯಂತೆಯೇ ಕಾಣುತ್ತಿತ್ತು. ಒಂದು ದಿನ ಆ ಹಸಿರಿನ ನಡುವೆ ದೊಡ್ಡ ಮೀನೊಂದು ಒದ್ದಾಡಿತು. ಕೊಳದ ಕೊನೆಯ ಮೀನು ಅದು. ನರಿಗೆ ಆಸೆ ತಡೆಯಲಿಲ್ಲ. ಕೆಳಗೆ ನೀರಿದೆ ಎಂಬುದನ್ನೂ ಮರೆತು ಹಾರಿತು.

ಹಸಿರು ಕುಸಿಯಿತು. ಒದ್ದೆ ಹೊಟ್ಟು ನಾಲ್ಕು ಕಾಲನ್ನೂ ಹಿಡಿದು ಎಳೆಯಿತು.

"ಕರಡಿಯಣ್ಣಾ! ಅಜ್ಜೀ! ಕಾಪಾಡಿ!"

ಕಾಡೆಲ್ಲ ಓಡಿ ಬಂತು. ದಡದಲ್ಲಿ ಬಿದ್ದ ಮೀನಿನ ಮುಳ್ಳುಗಳನ್ನು ಕಂಡು ಎಲ್ಲರಿಗೂ ವಿಷಯ ತಿಳಿಯಿತು. ಕರಡಿ ಬಿದಿರು ಚಾಚಿತು. ಅದು ಮುಟ್ಟಲಿಲ್ಲ. ನೀರಿನಡಿ ಈಜಬಲ್ಲದ್ದು ಆಮೆ ಒಂದೇ. ಆಮೆ ನೀರಿಗಿಳಿದು ಹೊಟ್ಟಿನೊಳಗೆ ತಲೆ ತೂರಿಸಿತು. ಮತ್ತೆ ಮತ್ತೆ ತೂರಿಸಿತು. ದಾರಿ ಸಿಗಲಿಲ್ಲ. ನರಿಯೇ ಸುರಿದ ಹೊಟ್ಟು ನರಿಗೂ ಆಮೆಗೂ ನಡುವೆ ಗೋಡೆಯಾಗಿ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಕೂಗು ನಿಂತಿತು.

ಯಾರೂ ನಗಲಿಲ್ಲ. ಕರಡಿ ತಲೆ ತಗ್ಗಿಸಿ ಹೇಳಿತು: "ಸುರಿದದ್ದು ಅವನು. ಕೇಳದೆ ಕೊಟ್ಟವರು ನಾವು."

ಮೊಲ ಎಲ್ಲರನ್ನೂ ತನ್ನ ಬಿಲಕ್ಕೆ ಕರೆದೊಯ್ದಿತು. ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿದ ನೆಲ ಕಲ್ಲಿನಂತಿತ್ತು. ಉಳಿದ ಹೊಟ್ಟಿನ ಮೇಲೆ ಮರಿಗಳು ಬೆಚ್ಚಗೆ ಮಲಗಿದ್ದವು. ಮಾರನೆಯ ದಿನದಿಂದ ಎಲ್ಲರೂ ಬುಟ್ಟಿ ಹಿಡಿದು ಕೊಳಕ್ಕಿಳಿದರು. ಎತ್ತಿದ ಹೊಟ್ಟಿನಲ್ಲಿ ಸ್ವಲ್ಪ ಗೂಡುಗಳ ನೆಲವಾಯಿತು. ಕೊಳೆತದ್ದು ಗದ್ದೆ ಸೇರಿತು. ಆದರೆ ಸತ್ತ ಮೀನುಗಳು ಏಳಲಿಲ್ಲ. ಆ ಬೇಸಿಗೆಯೆಲ್ಲ ಕಾಡು ಕೆಸರುನೀರನ್ನೇ ಸೋಸಿ ಕುಡಿಯಿತು.

ಮಳೆ ಬಂತು, ಹೋಯಿತು. ಮುಂದಿನ ಸುಗ್ಗಿಯಲ್ಲಿ ಮೊದಲ ಬುಟ್ಟಿ ಹೊಟ್ಟನ್ನು ಕರಡಿ ತಾನೇ ಹೊತ್ತು ಆಮೆಯ ಬಳಿಗೆ ಬಂತು.

"ಅಜ್ಜೀ, ಇದನ್ನು ಎಲ್ಲಿ ಹಾಕಲಿ?" ಎಂದು ಗಟ್ಟಿಯಾಗಿ ಕೇಳಿತು.

ಆಮೆ ತಿಳಿನೀರನ್ನೇ ನೋಡುತ್ತಿತ್ತು. ಅಲ್ಲಿ ಬೆರಳುದ್ದದ ಎರಡು ಮೀನುಗಳು ಆಡುತ್ತಿದ್ದವು.

"ಮೆಲ್ಲಗೆ ಮಾತಾಡಪ್ಪಾ" ಎಂದಿತು ಆಮೆ. "ಹೊಸಬರು ಹೆದರುತ್ತಾರೆ. ಅವರೂ ನನ್ನ ಹಾಗೇ, ಎಲ್ಲಿಂದಲೋ ತೇಲಿ ಬಂದವರು."

ನೀತಿ: ಬೇಡವೆಂದು ಎಸೆಯುವ ಮೊದಲು ಅದು ಯಾವ ಉಪಯೋಗಕ್ಕೆ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಎಲ್ಲರ ನೀರನ್ನು ಕೆಡಿಸಿದವನು ಕೊನೆಗೆ ಆ ನೀರಿನಲ್ಲೇ ಮುಳುಗುತ್ತಾನೆ.