ಪೂರ್ತಿಯಾಗಲೆಂದು ಕಾದ ಗುಮಾಸ್ತ

"ಗುರುಗಳೇ, ಪೂರ್ತಿಯಾಗದ ಕೆಲಸವನ್ನು ನಡುನಡುವೆ ಸೇವ್ ಮಾಡು ಎಂದು ಬೆನ್ನು ಹತ್ತುತ್ತೀರಿ. ತಪ್ಪೆಲ್ಲ ತಿದ್ದಿ, ಕೊನೆಗೊಮ್ಮೆ ಮಾಡಿದರೆ ಸಾಲದೇ?" ಎಂದು ಶಿಷ್ಯ ಕೇಳಿದ. ಮಠದ ವಿದ್ಯಾರ್ಥಿನಿಲಯದ ಮಕ್ಕಳ ವಿವರಗಳನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ತುಂಬುವುದು ಅವನ ಕೆಲಸ.

"ಅಲ್ಲಯ್ಯಾ, ಎಷ್ಟು ಜಂಬದ ಪ್ರಶ್ನೆ ಕೇಳಿದೆ! ಕೂತುಕೋ, ನಿನ್ನಂಥವನೇ ಒಬ್ಬನಿದ್ದ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತ. ಒಮ್ಮೆ ಹೊಳೆಗೆ ಮಹಾಪೂರ ಬಂದು ಹಳ್ಳಿಹಳ್ಳಿಗಳು ಮುಳುಗಿದವು. ಸಿಕ್ಕ ಸಿಕ್ಕ ದೋಣಿಯಲ್ಲಿ ಜನರನ್ನು ಸಾಗಿಸುವ ಗಡಿಬಿಡಿಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಆದರು. ಯಾರು ಯಾವ ಗಂಜಿ ಕೇಂದ್ರದಲ್ಲಿದ್ದಾರೆ ಎಂದು ಫೋನಿನಲ್ಲಿ ಕೇಳಿ ಸ್ಪ್ರೆಡ್‌ಶೀಟಿಗೆ ಏರಿಸುವ ಕೆಲಸ ಗುಮಾಸ್ತನ ಪಾಲಿಗೆ ಬಂತು. ತಮ್ಮವರನ್ನು ಹುಡುಕಿಕೊಂಡು ಬಂದವರಿಗೆ ಅವನೇ ನೋಡಿ ಹೇಳಬೇಕು.

ಗುಮಾಸ್ತ ಕೆಟ್ಟವನಲ್ಲ. ಊಟ ನಿದ್ದೆ ಬಿಟ್ಟು ದುಡಿದ. ಆದರೆ ಬಲು ಓರಣದ ಮನುಷ್ಯ, ಒಂದು ಅಕ್ಷರ ತಪ್ಪಿದರೂ ಅವನ ಜೀವ ತಡೆಯದು. ಆ ಪ್ರೋಗ್ರಾಂ ತಾನಾಗಿಯೇ ಆಗಾಗ ಸೇವ್ ಮಾಡಿಕೊಳ್ಳುತ್ತಿತ್ತು. ನನ್ನ ತಪ್ಪುಗಳನ್ನೂ ಇದು ಸೇವ್ ಮಾಡುತ್ತದೆ ಎಂದು ಅವನು ಅದನ್ನು ಆಫ್ ಮಾಡಿ ಕೂತ. ಜಾಣತನಕ್ಕೂ ಒಂದು ಮಿತಿ ಬೇಡವೇ! ಪಟ್ಟಿ ಪೂರ್ತಿಯಾದ ಮೇಲೆ ಒಮ್ಮೆಲೇ ಸೇವ್ ಮಾಡುವುದೆಂದು ಅವನ ಲೆಕ್ಕಾಚಾರ.

ಮಧ್ಯಾಹ್ನ ಒಬ್ಬ ತಾಯಿ ಓಡೋಡಿ ಬಂದಳು. ಮೈಯೆಲ್ಲ ಕೆಸರು.

"ಸಾಹೇಬ್ರ, ನನ್ನ ಮಗಳು ಕಸ್ತೂರಿ, ಆರು ವರ್ಸದ ಕೂಸು. ಬ್ಯಾರೆ ದೋಣ್ಯಾಗ ಹೋದ್ಲು. ಎಲ್ಲಿ ಅದಾಳ್ರಿ?"

"ಕಸ್ತೂರಿ! ಅದಾಳವ್ವ, ಅದಾಳ. ಮುಂಜಾನೇನ ಬರ್ದೀನಿ. ತಡಿ, ಯಾವ ಕೇಂದ್ರ ಅಂತ ನೋಡ್ತೀನಿ."

ತಾಯಿ ಅಲ್ಲೇ ಕುಸಿದು ಕೂತು ಕೈಮುಗಿದಳು. ಗುಮಾಸ್ತ ಹೆಸರು ಹುಡುಕಲು ಗುಂಡಿ ಒತ್ತಿದ. ಪರದೆ ಅಲ್ಲಾಡದೆ ನಿಂತಿತು. ಮತ್ತೆ ಒತ್ತಿದ. ಪ್ರೋಗ್ರಾಂ ತಟ್ಟನೆ ಮುಚ್ಚಿಹೋಯಿತು. ಮತ್ತೆ ತೆರೆದು ನೋಡಿದರೆ ಬರೀ ಖಾಲಿ ಚೌಕಗಳು. ಅಯ್ಯೋ ಶಿವನೇ, ಒಂದೇ ಒಂದು ಹೆಸರೂ ಇಲ್ಲ! ಬರೆದದ್ದು ನೂರಾರು ಹೆಸರು. ಆ ಕೂಸು ಯಾವ ಕೇಂದ್ರದ್ದೆಂದು ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ಫೋನು ಹಚ್ಚಿದ. ಅಷ್ಟರಲ್ಲಿ ಹೊಳೆಯಾಚೆಯ ಟವರು ಬಿದ್ದು ಫೋನುಗಳೆಲ್ಲ ಸತ್ತಿದ್ದವು.

"ಈಗ ಅದಾಳ ಅಂದ್ರಲ್ರಿ?" ಎಂದಳು ತಾಯಿ. ಗುಮಾಸ್ತ ಸತ್ತ ಫೋನನ್ನೇ ಮತ್ತೆ ಮತ್ತೆ ಒತ್ತತೊಡಗಿದ.

ಅವಳು ಕೇಂದ್ರದಿಂದ ಕೇಂದ್ರಕ್ಕೆ ನಡೆದೇ ಅಲೆದಳು. ಮಗಳಿದ್ದ ಕೇಂದ್ರ ಮುಟ್ಟುವ ಹೊತ್ತಿಗೆ ಬಹಳ ದಿನ ಕಳೆದಿತ್ತು. ಯಾರೂ ಕೇಳಿಕೊಂಡು ಬಾರದ್ದರಿಂದ, ಈ ಕೂಸಿಗೆ ದಿಕ್ಕಿಲ್ಲವೆಂದು ಅಲ್ಲಿನವರು ಅದನ್ನು ದೂರದ ಊರಿನ ಅನಾಥಾಶ್ರಮಕ್ಕೆ ಕಳಿಸಿದ್ದರು. ತಾಯಿ ಅಲ್ಲಿಗೂ ಹೋದಳು. ಕೂಸು ಸಿಕ್ಕಿತು. ಆದರೆ ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಗೋಡೆಗೆ ಒರಗಿ ನಿಂತು ಒಂದೇ ಮಾತು ಕೇಳಿತು: "ಅವ್ವಾ, ನಾ ನಿನಗ ಬ್ಯಾಡಾಗಿದ್ನೇನು?"

ಶಿಷ್ಯ ಬೆಚ್ಚಿಬಿದ್ದ. ಆದರೆ ಸೋಲೊಪ್ಪಲು ಮನಸ್ಸು ಬಾರದೆ, "ಆದರೂ ಗುರುಗಳೇ, ಸೇವ್ ಮಾಡಿದ್ದರೂ ಉಳಿಯುತ್ತಿದ್ದದ್ದು ತಪ್ಪು ತುಂಬಿದ ಅರ್ಧ ಪಟ್ಟಿ ತಾನೇ?" ಎಂದ.

"ಹೌದಪ್ಪಾ, ಅರ್ಧವೇ" ಎಂದರು ಗುರುಗಳು. "ಆ ಕೂಸು ಇದ್ದದ್ದು ಆ ಅರ್ಧದಲ್ಲೇ."