ಗಡಿ ಕಾವಲಿನ ಕನ್ನಡಕ

"ಗುರುಗಳೇ, ಕಣ್ಣಿಗೆ ಕಾಣದೆ ಆದ ಕೇಡಿಗೆ ಮನುಷ್ಯ ಹೊಣೆಯಾಗುತ್ತಾನೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಸಮುದ್ರದ ಗಡಿಯಲ್ಲಿ ಒಬ್ಬ ಕಾವಲುಗಾರನಿದ್ದ. ಸರ್ಕಾರ ಅವನಿಗೊಂದು ಕನ್ನಡಕ ಕೊಟ್ಟಿತ್ತು. ಅದನ್ನು ಹಾಕಿಕೊಂಡರೆ ನೀರಿನ ಮೇಲೆ ಗಡಿಯ ಗೆರೆ ಎದ್ದು ಕಾಣುತ್ತಿತ್ತು. ಅಪ್ಪಣೆಯಿಲ್ಲದೆ ಗೆರೆ ದಾಟಿದ ದೋಣಿಯನ್ನು, ಒಳಗಿದ್ದ ಜನರ ಸಮೇತ, ಕೆಂಪು ಬಣ್ಣ ಮುಚ್ಚಿಬಿಡುತ್ತಿತ್ತು. ಮುಖ ಕಂಡರೆ ಕಾವಲುಗಾರರ ಕೈ ಹಿಂಜರಿಯುತ್ತದೆ ಎಂದು ಮೇಲಿನವರು ಹಾಗೆ ಮಾಡಿಸಿದ್ದರು. ಕೆಂಪು ದೋಣಿಯನ್ನು ಹಿಂದಕ್ಕೆ ಅಟ್ಟಬೇಕೆಂಬುದು ಆಜ್ಞೆ.

ಅವನು ಕೆಟ್ಟವನಲ್ಲ. ಹೇಳಿದ ಕೆಲಸ ಮಾಡುತ್ತಿದ್ದ, ಮನೆಗೆ ಹೋಗಿ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದ.

ಒಂದು ದಿನ ಗಾಳಿ ಜೋರಾಗಿತ್ತು. ಕೆಂಪು ದೋಣಿಯೊಂದು ಗೆರೆಯ ಈಚೆ ಬಂತು. ಅವನು ತನ್ನ ಲಾಂಚನ್ನು ಹತ್ತಿರ ತಂದು, "ಹಿಂದಕ್ಕೆ ಹೋಗಿ!" ಎಂದು ಕೂಗಿದ.

"ಎಂಜಿನ್ ಕೆಟ್ಟಿದೆ ಅಣ್ಣಾ, ಗಾಳಿ ತಳ್ಳಿಕೊಂಡು ಬಂದಿದೆ. ಒಂದು ಹಗ್ಗ ಎಸೆಯಿರಿ," ಎಂದು ಕೆಂಪಿನೊಳಗಿಂದ ಹೆಂಗಸೊಬ್ಬಳ ದನಿ ಬಂತು.

ಅವನು ಕನ್ನಡಕ ತೆಗೆದ. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸು. ಅವಳ ಹಿಂದೆ, ದೋಣಿಗೆ ನುಗ್ಗಿದ ನೀರನ್ನು ಕೊಡದಿಂದ ಎತ್ತಿ ಚೆಲ್ಲುತ್ತಿದ್ದ ಮುದುಕ. ಹೆಂಗಸು ಕಾವಲುಗಾರನನ್ನೇ ನೋಡುತ್ತಿದ್ದಳು. ಹಗ್ಗ ಅವನ ಕಾಲ ಬಳಿಯೇ ಇತ್ತು. ಎಸೆದರೆ ಕೆಲಸ ಹೋಗುತ್ತದೆ ಎಂಬುದು ನೆನಪಾಯಿತು.

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಹೆಂಗಸು ಮರೆಯಾದಳು. ಅವನ ಎದೆ ಹಗುರವಾಯಿತು. ಲಾಂಚನ್ನು ರಭಸದಿಂದ ದೋಣಿಯ ಸುತ್ತ ತಿರುಗಿಸಿ ಅಲೆ ಎಬ್ಬಿಸಿದ. ದನಿಗಳು ಕೇಳಿಸಿದವು, ಆಮೇಲೆ ಕೇಳಿಸಲಿಲ್ಲ. ಕೆಂಪು ಬಣ್ಣ ಆರಿತು.

ಹೆಣಗಳು ದಡಕ್ಕೆ ಬಂದಾಗ ವಿಚಾರಣೆ ನಡೆಯಿತು. ನ್ಯಾಯಾಧೀಶರು ಅದೇ ಕನ್ನಡಕ ಹಾಕಿಕೊಂಡು, ಅದರಲ್ಲಿ ದಾಖಲಾದದ್ದನ್ನೆಲ್ಲ ನೋಡಿದರು. ಅವರಿಗೂ ಗೆರೆ ಕಂಡಿತು, ಕೆಂಪು ಕಂಡಿತು. ನಡುವೆ ಕೆಲವು ಕ್ಷಣ ಬರೀ ಕತ್ತಲೆಯಿತ್ತು. ಅದೇನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಂಡದ್ದಕ್ಕೆ ತಕ್ಕಂತೆ ನಡೆದಿದ್ದಾನೆ, ಇವನ ತಪ್ಪಿಲ್ಲ ಎಂದು ತೀರ್ಪಾಯಿತು.

ಅವನು ಕೆಲಸಕ್ಕೆ ಮರಳಿದ. ಆದರೆ ಅಂದಿನಿಂದ ಮನೆಯಲ್ಲಿ, ಹೆಂಡತಿ ಮಕ್ಕಳ ಎದುರಿಗೂ, ಕನ್ನಡಕ ತೆಗೆಯುವುದನ್ನು ಬಿಟ್ಟ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ನಿಟ್ಟುಸಿರಿಟ್ಟು, "ಹಾಗಾದರೆ ತಪ್ಪು ಆ ಕನ್ನಡಕ ಮಾಡಿಸಿದವರದು," ಎಂದ.

"ಅವರದೂ ಹೌದು, ಆದರೆ ತೆಗೆದದ್ದನ್ನು ಮತ್ತೆ ಹಾಕಿಕೊಂಡ ಕೈ ಯಾರದು?" ಎಂದರು ಗುರುಗಳು.